ನೋಡೋಕೆ ಏನಿದೆ

ಹೆಸರು ಮಿಯಾಸಾಕ.
ನಮ್ಮ ಬಾಯಿಗೆ ಬರುವಷ್ಟರಲ್ಲಿ ಮೀಸೆಸಾಕ ಆಗಿತ್ತು.
ಮೀಸೆ ಇರಲಿಲ್ಲ. ಎಪ್ಪತ್ತು ದಾಟಿದ ಮುಖ,
ಬೇಯಿಸಿದ ಗೆಣಸಿನ ಹಾಗೆ, ಮುಟ್ಟಿದರೆ ಸಿಪ್ಪೆ ಏಳುವಂಥದ್ದು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಬೆಳಿಗ್ಗೆ ಜಾಲರಿ ಜಾಲರಿಗೂ ಬಗ್ಗಿ
ಒಂದೊಂದು ಗೂಡು ಕಿವಿಯ ಹತ್ತಿರ ಅಲ್ಲಾಡಿಸಿದನಂತೆ.
ರೈತರು ನಕ್ಕರಂತೆ: ಆಯಪ್ಪನಿಗೆ ಗೊತ್ತು ಕಣ್ರೋ,
ಒಳಗಿನ ಹುಳ ಮಾತಾಡುತ್ತೆ ಅಂತ.

ಹನ್ನೊಂದಕ್ಕೆ ಇಲಾಖೆಯ ಹುಡುಗಿ ಇಂದುಶ್ರೀ
ಅಕ್ಮಲ್ ಸಾಬರ ಶೆಡ್ಡಿಗೆ ಕರಕೊಂಡು ಬಂದಳು.
ಬಾಗಿಲಲ್ಲಿ ಮೂಗು ಮುಚ್ಚದೆ ನಿಂತ
ಮೊದಲನೇ ಪರವೂರಿನವನು ಅವನೇ.
ಉಸಿರು ಎಳೆದ, ಇನ್ನೊಮ್ಮೆ ಎಳೆದ,
ಹುರುಳಿಕಾಳು ಬೇಯುವ ಮನೆಗೆ ಹಸಿದು ಬಂದವನ ಹಾಗೆ.

ನನ್ನ ಬೇಸಿನ್ನಿನ ಎದುರು ಮಣೆ ಹಾಕಿಸಿಕೊಂಡು
ಫೋನಿನಲ್ಲಿ ಅವನೂರು ತೋರಿಸಿದ:
ಬೆಟ್ಟಗಳ ನಡುವೆ ಒಂದು ಹಿಡಿ ಮನೆ,
ಚಳಿಗಾಲಕ್ಕೆ ಕಲ್ಲಾಗುವ ಕೆರೆ,
ಒಂದೇ ಬೋಗಿಯ ರೈಲು, ಅದರೊಳಗೆ
ಮೂಲಂಗಿ ಕಟ್ಟು ಮಡಿಲಲ್ಲಿಟ್ಟ ಇಬ್ಬರು ಮುದುಕಿಯರು.
ಹೂ ಬಿಟ್ಟಾಗ ಪಟ್ಟಣದವರು ನೋಡೋಕೆ ಬರ್ತಾರಂತೆ,
ಒಂದು ವಾರ. ಉದುರಿದ ಮೇಲೆ ಯಾರೂ ಇಲ್ಲವಂತೆ.
ಆಮೇಲೆ ಬಿಸಿನೀರಿನ ಬುಗ್ಗೆ.
ಕತ್ತಿನವರೆಗೂ ಮುಳುಗಿ ಕೂರೋಕೆ ದುಡ್ಡು ಕೊಡ್ತಾರಂತೆ.

‘ಬಿಸಿನೀರಿಗೆ ಕೈ ಇಟ್ಟರೆ ನಮ್ಮಲ್ಲಿ
ನನಗೇ ದುಡ್ಡು ಕೊಡ್ತಾರೆ ಅಂತ ಹೇಳಮ್ಮ’ ಅಂದೆ.
ಇಂದುಶ್ರೀ ಹೇಳಿದಳು.
ಆಯಪ್ಪ ನಗಲಿಲ್ಲ. ನನ್ನ ಬೆರಳು ನೋಡಿದ.

ಇನ್ನೊಂದು ಚಿತ್ರ.
ಗಾಜಿನ ಹಿಂದೆ ಹುಡುಗಿ, ತಲೆಗೆ ಬಿಳಿ ಬಟ್ಟೆ,
ಮುಂದೆ ಬೇಸಿನ್ನು, ಕೈಯಲ್ಲಿ ಎಳೆ.
ಬೊಂಬೆ.
ನೂಲಿನ ಕಾರ್ಖಾನೆ ಮುಚ್ಚಿ ಮ್ಯೂಸಿಯಂ ಮಾಡಿದ್ದಾರಂತೆ,
ಸಾಲಾಗಿ ಶಾಲೆ ಮಕ್ಕಳು ಬರ್ತಾರಂತೆ, ಟಿಕೆಟ್ಟಂತೆ.
‘ನಮ್ಮಮ್ಮ ಹದಿಮೂರಕ್ಕೆ ಅಲ್ಲಿ ಕೂತವಳು’ ಅಂದ.
‘ಬೊಂಬೆಯ ಬೆರಳು ತುಂಬಾ ಚೆನ್ನಾಗಿವೆ.
ಅದೊಂದು ಸುಳ್ಳು.’

ನನ್ನ ಕೈಯಿಂದ ಕಡ್ಡಿ ಪೊರಕೆ ತಗೊಂಡ,
ಕುದಿಯುವ ಗೂಡುಗಳ ಮೇಲೆ ಆಡಿಸಿದ.
ಮೊದಲ ಸಲ ಬರೀ ನಾರು,
ಎರಡನೇ ಸಲ ಎಂಟು ಎಳೆ.
ಯಾರೂ ಕಲಿಸದೆ ಬರಲ್ಲ ಅದು.

ತೊಟ್ಟಿಯ ಪಕ್ಕದಿಂದ ಬೆಂದ ಹುಳ ಎತ್ತಿ
ಇದನ್ನು ತಿಂತೀರಾ ಅಂದ.
ಹುಡುಗಿಯರೆಲ್ಲ ಥೂ ಅಂದರು.
ಮೀನಿಗೆ, ಕೋಳಿಗೆ ಹೋಗುತ್ತೆ ಅಂದರು ಸಾಬರು.
ಅವರಮ್ಮ ಬುತ್ತಿಯ ಡಬ್ಬಿಯಲ್ಲಿ ತರ್ತಿದ್ದಳಂತೆ,
ಸಕ್ಕರೆ ಹಾಕಿ ಬಾಡಿಸಿಕೊಟ್ಟರೆ
ತಮ್ಮಂದಿರು ಬಟ್ಟಲು ನೆಕ್ಕುತ್ತಿದ್ದರಂತೆ.
ಈಗ ಅದನ್ನೇ ತಗಡಿನ ಡಬ್ಬಿಗೆ ತುಂಬಿ
ಹೂ ನೋಡೋಕೆ ಬಂದವರಿಗೆ ಮಾರ್ತಾರಂತೆ.

ನಮ್ಮಮ್ಮನ ಸೆರಗಿನ ಗಂಟಿನಲ್ಲೂ ಬಂದದ್ದಿದೆ.
ಉಪ್ಪು, ಒಣಮೆಣಸಿನಕಾಯಿ.
ಮನೆಯಲ್ಲಿ ಹಿಟ್ಟು ಮುಗಿದ ದಿನಗಳಲ್ಲಿ.
ಐವತ್ತು ವರ್ಷ ಯಾರಿಗೂ ಹೇಳಿಲ್ಲ,
ಅವತ್ತೂ ಹೇಳಲಿಲ್ಲ.
ಆಯಪ್ಪ ಮಾತ್ರ ಹುಳ ಹಿಡಿದುಕೊಂಡೇ
ನನ್ನ ಮುಖ ಸ್ವಲ್ಪ ಜಾಸ್ತಿ ಹೊತ್ತು ನೋಡಿದ.

ಹೊರಡುವಾಗ ಕೇಳಿದ: ನಿಮ್ಮೂರಲ್ಲಿ ನೋಡೋಕೆ ಏನಿದೆ?
ಇಂದುಶ್ರೀ ಬೆಟ್ಟ ಅಂದಳು, ಕೆರೆ ಅಂದಳು.
ಬಸ್‌ಸ್ಟಾಂಡಿನ ಹತ್ತಿರ ಬಿರಿಯಾನಿ ಅಂದರು ಸಾಬರು.
ನನಗೇನೂ ಹೊಳೆಯಲಿಲ್ಲ, ಬೆವರು ಒರೆಸಿಕೊಂಡೆ.

ರಾತ್ರಿ ಮಲಗಿದ ಮೇಲೆ ಹೊಳೆಯಿತು.
ನಾಳೆ ಯಾವನಾದರೂ ನನ್ನನ್ನು ಬೊಂಬೆ ಮಾಡಿ
‘ಪಿಳ್ಳಮ್ಮ’ ಅಂತ ಚೀಟಿ ಅಂಟಿಸಿ ಕೂರಿಸಿದರೆ,
ಅಪ್ಪಾ, ಹೆಬ್ಬೆರಳಿನ ಸೀಳು ಮರೀಬೇಡ.
ಬೇಸಿನ್ನಿಗೆ ನೀರು ಹಾಕು, ಕುದಿಸು.
ಮಕ್ಕಳು ಮೂಗು ಮುಚ್ಚಿಕೊಂಡೇ ಒಳಗೆ ಬರಲಿ.

ಬೆಳಿಗ್ಗೆ ಹೊಸ ಲಾಟು ಬಂದಿತ್ತು.
ಬಿಳಿ ಗೂಡು, ನಲವತ್ತೆರಡು ಕೇಜಿ.
ಎದುರಿನ ಮಣೆ ಅಲ್ಲೇ ಇತ್ತು ಇನ್ನೂ.
ಕಾಲಲ್ಲಿ ಪಕ್ಕಕ್ಕೆ ತಳ್ಳಿ ಕೂತೆ.